ಕೊಟ್ಟೂರಿನ ಮಸ್ಟಾಂಗ್ ಮತ್ತು ನನ್ನ ಉಳಿ

ಗ್ಯಾರೇಜಿನ ಕೆಲಸಕ್ಕೆ ಇಳಿಯಬೇಕೆಂದಿರುವ ಹುಡುಗರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಐಟಿಐ ಮುಗಿಸಿರುತ್ತಾರೆ, ಕೈಯಲ್ಲಿ ಸರ್ಟಿಫಿಕೇಟ್ ಇರುತ್ತದೆ, ಉಗುರುಗಳು ಇನ್ನೂ ಬೆಳ್ಳಗಿರುತ್ತವೆ. ನಿಮ್ಮ ಅನುಭವ ಹೇಳ್ರಿ ಚಾಚಾ ಎಂದು ಕೂರುತ್ತಾರೆ. ಯಾರಿಂದಲೂ ಆಗದ ಗಾಡಿಯನ್ನು ನಾನು ಹೇಗೆ ಸರಿಮಾಡಿದೆ ಎಂಬ ಕಥೆ ಅವರಿಗೆ ಬೇಕು. ಅಂಥವು ನನ್ನ ಹತ್ತಿರ ಬೇಕಾದಷ್ಟಿವೆ, ಒಂದು ಚಹಾ ಮುಗಿಯುವುದರೊಳಗೆ ಮೂರು ಹೇಳಬಲ್ಲೆ. ಆದರೆ ಬಾಗಿಲು ಹಾಕಿ ಮನೆಯಲ್ಲಿ ಕೂತ ಮೇಲೆ ನನ್ನ ತಲೆಯಲ್ಲಿ ಓಡುತ್ತಿರುವುದು ಸರಿಮಾಡಿದ ಗಾಡಿಗಳಲ್ಲ. ಚೆನ್ನಾಗಿ ಕೆಲಸ ಮಾಡಿಯೇ ಹಾಳುಮಾಡಿದ ಒಂದು ಗಾಡಿ. ಅದನ್ನು ಬಾಯಲ್ಲಿ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಬಾಷಾ. ಕೊಟ್ಟೂರಿನಲ್ಲಿ ಹರಪನಹಳ್ಳಿ ರಸ್ತೆಗೆ ಮುಖ ಮಾಡಿಕೊಂಡು ನಿಂತ ಎರಡು ತಗಡಿನ ಶೆಡ್ಡುಗಳೇ ನನ್ನ ಗ್ಯಾರೇಜಾಗಿದ್ದವು. ಅತ್ತ ಕೂಡ್ಲಿಗಿ, ಹೊಸಹಳ್ಳಿಯಿಂದ ಇತ್ತ ಹಡಗಲಿಯವರೆಗೆ ಜೀಪು, ಅಂಬಾಸಿಡರು, ಟೆಂಪೊ, ಕಡಲೆಕಾಯಿ ತುಂಬಿದ ಲಾರಿ ಎಲ್ಲಿ ನಿಂತರೂ ನನಗೆ ಕರೆ ಬರುತ್ತಿತ್ತು. ಹಗರಿಬೊಮ್ಮನಹಳ್ಳಿ ರಸ್ತೆಯ ಯಾವ ತಿರುವಿನಲ್ಲಿ ಯಾವ ಲಾರಿಯ ಸ್ಪ್ರಿಂಗಿನ ಪಾಟಾ ಮುರಿದಿತ್ತು ಎಂಬುದನ್ನು ಇವತ್ತಿಗೂ ಹೇಳಬಲ್ಲೆ. ಮನೆಗೆ ತರಬೇಕಾದ ಸಾಮಾನಿನ ಚೀಟಿ ಮಾತ್ರ ಅರ್ಧ ದಾರಿಗೇ ಮರೆತುಹೋಗುತ್ತದೆ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ.

ಕೆಲಸ ಕಲಿತದ್ದು ಹೊಸಪೇಟೆಯಲ್ಲಿ, ಖಾದರ್ ಉಸ್ತಾದರ ಕೈಕೆಳಗೆ. ಅವರು ಬೈಯುತ್ತಿರಲಿಲ್ಲ. ತಪ್ಪು ಮಾಡಿದರೆ ಕೈಯಲ್ಲಿದ್ದ ಪಾನಾ, ಅಂದರೆ ಸ್ಪ್ಯಾನರು, ಇಸಿದುಕೊಂಡು ಸಂಜೆಯವರೆಗೆ ಕೊಡುತ್ತಿರಲಿಲ್ಲ, ಅಷ್ಟೇ. ಎಲ್ಲರೂ ದುಡಿಯುವಾಗ ಬರಿಗೈಯಲ್ಲಿ ನಿಲ್ಲುವುದಕ್ಕಿಂತ ಎರಡೇಟು ತಿನ್ನುವುದು ಮೇಲು ಅನ್ನಿಸುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುವುದನ್ನು ಅವರೇ ಕಲಿಸಿದ್ದು. ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವು ಸಡಿಲಾಗಿದೆ ಎಲ್ಲ ಆ ಹಿಡಿಯಲ್ಲಿ ಕೇಳುತ್ತದೆ. ಈಗ ಕಂಪ್ಯೂಟರಿನ ವೈರು ಚುಚ್ಚಿದರೆ ಪರದೆಯ ಮೇಲೆ ಅಕ್ಷರ ಬರುತ್ತದೆ. ಒಳ್ಳೆಯದೇ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಒಂದು ಮಾತು ಗೊತ್ತಿರಲಿ. ಉಸ್ತಾದರು ಕಲಿಸಿದ ಕಿವಿಗೂ ನಿಮ್ಮ ಕಂಪ್ಯೂಟರಿಗೂ ಕೇಳುವುದು ರೋಗದ ಸದ್ದು ಮಾತ್ರ.

ಅವರು ಕಲಿಸಿದ ಇನ್ನೊಂದು ಪದ್ಧತಿ ಎಂಜಿನ್ ನಂಬರಿನದು. ಗ್ಯಾರೇಜಿನಿಂದ ಹಳೆಯ ಎಂಜಿನ್ನು ಗುಜರಿಗೆ ಹೋಗುವ ಮುಂಚೆ ಅದರ ಮೇಲಿನ ನಂಬರನ್ನು ಉಳಿ ಹಿಡಿದು ಕೆತ್ತಿ ಹಾಕಬೇಕು, ಅರದಿಂದ ಉಜ್ಜಿ ಬೋಳು ಮಾಡಬೇಕು. ಉಸ್ತಾದರು ಹಾಗೇ ಬಿಟ್ಟ ಒಂದು ಎಂಜಿನ್ನು ಯಾರದೋ ಕಳವಿನ ಜೀಪಿನಲ್ಲಿ ಸಿಕ್ಕಿಬಿದ್ದು, ನಂಬರಿನ ಜಾಡು ಹಿಡಿದು ಪೊಲೀಸರು ಅವರ ಬಾಗಿಲಿಗೇ ಬಂದಿದ್ದರು. ಮೂರು ದಿನ ಠಾಣೆಯಲ್ಲಿ ಕೂತು ಬಂದ ಮೇಲೆ ಅವರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮಾತು ತೆಗೆದುಕೊಂಡರು. ಆ ಮಾತನ್ನು ನಾನು ನಮಾಜಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸಿದೆ. ಸುತ್ತಲಿನ ಐದು ಊರುಗಳಲ್ಲಿ ಬಾಷಾ ಮಿಸ್ತ್ರಿಯ ಗುಜರಿ ಎಂದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎಂಬ ಹೆಸರಿತ್ತು.

ನನ್ನ ಕೈಯಿಂದ ತಪ್ಪೇ ಆಗಿಲ್ಲ ಎಂದುಕೊಳ್ಳಬೇಡಿ. ಬಾಗಳಿ ಊರಿನ ಒಬ್ಬರ ಜೀಪಿನ ಕಾರ್ಬೊರೇಟರ್ ಬಿಚ್ಚಿದಾಗ ಧೂಳು ಹೋಗದಿರಲೆಂದು ಒಳದಾರಿಗೆ ಬಟ್ಟೆ ತುರುಕಿದ್ದೆ. ಜೋಡಿಸುವಾಗ ತೆಗೆಯುವುದನ್ನು ಮರೆತೆ. ಜೀಪು ಹೊರಟದ್ದು ಮದುಮಗನನ್ನು ಕೂರಿಸಿಕೊಂಡು. ಅರ್ಧ ದಾರಿಯಲ್ಲಿ ಉಸಿರು ಕಟ್ಟಿ ನಿಂತಿತು. ಮದುಮಗ ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಜೀಪು ತಳ್ಳಿದ. ಆಮೇಲೆ ಎಷ್ಟೋ ವರ್ಷ ಅವನು ಸಂತೆಯಲ್ಲಿ ಸಿಕ್ಕಾಗಲೆಲ್ಲ ಜೇಬಿನಿಂದ ಕರವಸ್ತ್ರ ತೆಗೆದು, ಇದು ನಿಮ್ಮದೇನ್ರಿ ಮಿಸ್ತ್ರಿ ಎಂದು ಕೇಳುತ್ತಿದ್ದ. ಇಂಥ ತಪ್ಪು ನಗುವಿನಲ್ಲಿ ಮುಗಿಯುತ್ತದೆ, ಬಟ್ಟೆ ಹೊರಗೆ ತೆಗೆದರೆ ಗಾಡಿ ಮತ್ತೆ ಓಡುತ್ತದೆ. ನಾನು ಹೇಳಬೇಕೆಂದಿರುವುದು ಆ ಜಾತಿಯದಲ್ಲ.

ಕೊಟ್ಟೂರಿನಲ್ಲಿ ಕಡಲೆಕಾಯಿ ಎಣ್ಣೆಯ ಗಿರಣಿ ಇಟ್ಟಿದ್ದ ಸಿದ್ದಲಿಂಗಪ್ಪನವರು ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ಊರಿಗೆಲ್ಲ ಸಾವ್ಕಾರ್ರು, ನನಗೂ. ಅವರ ಹತ್ತಿರ ಒಂದು ಅಮೆರಿಕದ ಕಾರಿತ್ತು. ಹೊಸಪೇಟೆ ಕಡೆಯ ಗಣಿಯೊಂದಕ್ಕೆ ಯಂತ್ರ ಜೋಡಿಸಲು ಬಂದಿದ್ದ ಒಬ್ಬ ಅಮೆರಿಕದ ಎಂಜಿನಿಯರು ಅದನ್ನು ಹಡಗಿನಲ್ಲಿ ತರಿಸಿಕೊಂಡಿದ್ದನಂತೆ. ವಾಪಸ್ ಹೋಗುವಾಗ ಇಲ್ಲೇ ಬಿಟ್ಟು ಹೋದ. ಆಗ ಹೊಸದಾಗಿ ಮದುವೆಯಾಗಿದ್ದ ಸಾವ್ಕಾರ್ರು ಅದನ್ನು ಕೊಂಡರು. ಹೆಸರು ಮಸ್ಟಾಂಗ್. ಮುಂದಿನ ಜಾಲರಿಯ ನಡುವೆ ಓಡುವ ಕುದುರೆಯ ಗುರುತು ಇದ್ದುದರಿಂದ ಊರವರ ಬಾಯಲ್ಲಿ ಕುದುರಿ ಕಾರು. ಉದ್ದನೆಯ ಬಾನೆಟ್ಟು, ಗಿಡ್ಡನೆಯ ಹಿಂಭಾಗ, ಎರಡೇ ಬಾಗಿಲು, ಒಳಗೆ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. ನಿಂತಲ್ಲೇ ಗುರುಗುಟ್ಟುತ್ತಿತ್ತು. ಕಾಲಿಟ್ಟರೆ ಇಡೀ ಮೂತಿ ಮೇಲೆದ್ದು ಬರುತ್ತಿತ್ತು.

ಅದರ ಸ್ಟೇರಿಂಗ್ ಎಡಗಡೆ. ನಮ್ಮ ರಸ್ತೆಯಲ್ಲಿ ಮುಂದಿನ ಲಾರಿಯನ್ನು ಹಿಂದೆ ಹಾಕಬೇಕೆಂದರೆ ಓಡಿಸುವವನಿಗೆ ಎದುರಿನಿಂದ ಏನು ಬರುತ್ತಿದೆ ಎಂಬುದೇ ಕಾಣದು. ಬಲಗಡೆ ಕೂತವರು ಇಣುಕಿ ನೋಡಿ ಹೇಳಬೇಕು. ಸಾವ್ಕಾರ್ರ ಬಲಗಡೆ ಕೂರುತ್ತಿದ್ದವರು ಅವರ ಹೆಂಡತಿ ಗಿರಿಜಮ್ಮ. ಸೆರಗು ಬಿಗಿಯಾಗಿ ಹೊದ್ದು, ಕಿಟಕಿಯಿಂದ ಸ್ವಲ್ಪವೇ ಬಗ್ಗಿ ನೋಡಿ, ಹೂಂ ಹೋಗ್ರಿ ಎಂದರೆ ಸಾವ್ಕಾರ್ರು ಕಾಲು ಒತ್ತುತ್ತಿದ್ದರು. ಊರಲ್ಲಿ ಗಂಡನಿಗಿಂತ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದ ಆ ತಾಯಿ, ಕಾರಿನಲ್ಲಿ ಮಾತ್ರ ಅವರಿಗೆ ಅಪ್ಪಣೆ ಕೊಡುತ್ತಿದ್ದರು. ಇಬ್ಬರೂ ಸುಮ್ಮನೆ ಹೂವಿನ ಹಡಗಲಿಯವರೆಗೆ ಹೋಗಿ ಮಲ್ಲಿಗೆ ತಂದದ್ದೂ ಉಂಟು. ವರ್ಷಕ್ಕೆ ನಾಲ್ಕು ಸಲ ಕಾರ್ಬೊರೇಟರಿಗೆಂದು ಕಾರು ನನ್ನ ಹತ್ತಿರ ಬರುತ್ತಿತ್ತು. ಅದರ ಬಾನೆಟ್ ಎತ್ತಿದ ದಿನ ನನ್ನ ಎದೆಯೂ ಎರಡು ಇಂಚು ಉಬ್ಬುತ್ತಿತ್ತು.

ತೊಂಬತ್ತರ ದಶಕ ಶುರುವಾಯಿತು. ಪೆಟ್ರೋಲು ಕೈಗೆಟುಕದಂತಾಯಿತು. ನಮ್ಮ ಕಡೆ ಎಲ್ಲರಿಗೂ ಡೀಸೆಲ್ ಹುಚ್ಚು ಹಿಡಿಯಿತು. ಅಂಬಾಸಿಡರಿನ ಪೆಟ್ರೋಲ್ ಎಂಜಿನ್ನು ಇಳಿಸಿ, ಹಳೆಯ ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ನು ಕೂರಿಸುವುದು. ನಾನು ಅದರಲ್ಲಿ ಹೆಸರು ಮಾಡಿದೆ. ಕೂಡ್ಲಿಗಿಯಿಂದಲೂ ಗಾಡಿ ಬರುತ್ತಿದ್ದವು. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ಯಾವ ಕಾರು ನೋಡಿದರೂ ಅದರ ಹೊಟ್ಟೆಯಲ್ಲಿ ಯಾವ ಡೀಸೆಲ್ ಎಂಜಿನ್ನು ಹಿಡಿಯುತ್ತದೆ ಎಂದೇ ಅಳೆಯುತ್ತಿದ್ದೆ. ಸಾವ್ಕಾರ್ರ ಕಾರಿನ ಮೇಲೆ ನನ್ನ ಕಣ್ಣು ಬಿತ್ತು. ಅಂಬಾಸಿಡರಿಗೆ ಯಾರು ಬೇಕಾದರೂ ಹಾಕುತ್ತಾರೆ, ಕುದುರೆ ಕಾರಿಗೆ ಹಾಕಿದವನು ಈ ಸೀಮೆಯಲ್ಲಿ ಯಾರಿದ್ದಾರೆ ಎಂಬುದು ನನ್ನ ಒಳಗಿನ ಮಾತು.

ಅವರಿಗೆ ಇಷ್ಟವಿರಲಿಲ್ಲ. ಇದನ್ನು ನಾನು ಮುಚ್ಚಿಡಬಾರದು. ಸುಮಾರು ಒಂದು ವರ್ಷ ನಾನೇ ಬೆನ್ನು ಹತ್ತಿದೆ. ಗಿರಣಿಗೆ ಹೋದಾಗೆಲ್ಲ ಅದೇ ಮಾತು ತೆಗೆಯುತ್ತಿದ್ದೆ. ಒಂದು ದಿನ ಅವರು ಎಣ್ಣೆಯ ಡಬ್ಬಿಯ ಮೇಲೆ ಕೂತು ಮೆಲ್ಲಗೆ ಕೇಳಿದರು.

"ಅದರ ಸದ್ದು ಹೋಗ್ತತಲ್ಲೋ ಬಾಷಾ?"

"ಸದ್ದು ತಗೊಂಡು ಏನ್ ಮಾಡ್ತೀರಿ ಸಾವ್ಕಾರ್ರ, ಗಾಡಿ ಓಡಿದ್ರ ಸಾಕಲ್ರಿ" ಎಂದೆ. ಅವರು ನಕ್ಕರು. ನಾನು ಗೆದ್ದೆ ಎಂದುಕೊಂಡೆ.

ಎರಡೂವರೆ ತಿಂಗಳ ಕೆಲಸ. ಹಳೆಯ ಎಂಜಿನ್ನನ್ನು ಚೈನ್ ಪುಲ್ಲಿಗೆ ತೂಗುಹಾಕಿ ಎತ್ತಿದಾಗ ತೊಲೆ ಕಿರ್ರೆಂದಿತು. ಕೂರಿಸುವ ಜಾಗ ಕತ್ತರಿಸಿ ಬೇರೆ ಬೆಸೆದೆ. ಗೇರ್‌ಬಾಕ್ಸ್ ಬದಲಾಯಿಸಿದೆ. ಪೇಂಟಿಗೆ ಒಂದು ಗೀರು ಬೀಳಲಿಲ್ಲ. ಆರ್‌ಟಿಒ ಕಚೇರಿಯಲ್ಲಿ ಕಾಗದ ಬದಲಾಯಿಸಿಕೊಂಡೂ ಬಂದೆ. ಇಳಿಸಿದ ಎಂಜಿನ್ನನ್ನು ಹರಪನಹಳ್ಳಿಯ ಗುಜರಿಯವನು ಸಂತೆಯ ದಿನ ಅವಸರದಲ್ಲಿ ಹೇರಿಕೊಂಡು ಹೋದ. ಕಾರನ್ನು ಒಪ್ಪಿಸಿದ ದಿನ ಸಾವ್ಕಾರ್ರು ಬಾನೆಟ್ ಎತ್ತಿ ನೋಡಿ, ನನ್ನ ಭುಜ ತಟ್ಟಿ, ಭಾಳ ಚಂದ ಮಾಡೀಯಪ್ಪಾ ಎಂದರು. ಊಟಕ್ಕೆ ಕೂರಿಸಿದರು. ಗಿರಿಜಮ್ಮ ಕೈಯಾರೆ ರೊಟ್ಟಿ ಬಡಿಸಿದರು. ಆ ಊಟದ ರುಚಿಯನ್ನು ನಾನು ಬಹಳ ವರ್ಷ ನೆನೆಸಿಕೊಳ್ಳುತ್ತಿದ್ದೆ.

ಆಮೇಲೆ ಕಾರು ಗಿರಣಿಗೂ ಮನೆಗೂ ಓಡಾಡಿತು. ಹಡಗಲಿಯ ಕಡೆ ಹೋದದ್ದನ್ನು ಮಾತ್ರ ನಾನು ಮತ್ತೆ ನೋಡಲಿಲ್ಲ. ಬಲಗಡೆಯ ಸೀಟು ಖಾಲಿಯಾಗಿಯೇ ಇರುತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡೆ. ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ಸಾವ್ಕಾರ್ರು ಗಿರಣಿಯಿಂದ ಬಂದು, ಮನೆಯ ಅಂಗಳದಲ್ಲಿ ಕಾರಿನೊಳಗೆ ಕೂತಂತೆಯೇ ತೀರಿಕೊಂಡರು. ಹೃದಯಾಘಾತವೆಂದರು. ನಾನು ಮಣ್ಣಿಗೆ ಹೋಗಿ ಬಂದೆ. ಆಮೇಲೆ ಗಿರಣಿ ಕೈಬದಲಾಯಿತು. ಕಾರು ಅಂಗಳದ ಶೆಡ್ಡಿನಲ್ಲಿ ನಿಂತಿತು. ಗಿರಿಜಮ್ಮ ಅದರ ಮೇಲೆ ಹಳೆಯ ಜಮಖಾನ ಹೊದಿಸಿದ್ದರು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು. ಬೆಂಗಳೂರಿನಿಂದ ಪ್ರಭಾಕರ್ ಎಂಬವರು ಬಂದರು. ಹಳೆಯ ಅಮೆರಿಕದ ಕಾರುಗಳನ್ನು ಹುಡುಕಿ ಹುಡುಕಿ ಕೂಡಿಡುವ ಹವ್ಯಾಸದವರು. ಈ ಕಾರಿನ ಸುದ್ದಿ ಹೇಗೋ ಅವರ ಕಿವಿಗೆ ಬಿದ್ದಿತ್ತು. ಗಿರಿಜಮ್ಮ ನನಗೆ ಹೇಳಿ ಕಳಿಸಿದರು. ನಾನು ಹೋಗುವಷ್ಟರಲ್ಲಿ ಆ ಮನುಷ್ಯ ಬಿಳಿ ಪ್ಯಾಂಟಿನಲ್ಲೇ ನೆಲಕ್ಕೆ ಮಲಗಿ ಕಾರಿನ ಅಡಿ ನೋಡುತ್ತಿದ್ದರು. ದುಡ್ಡಿನವರೆಂದು ಅವರ ಬಗ್ಗೆ ಮೊದಲು ಮನಸ್ಸಿನಲ್ಲೇ ಮೂಗು ಮುರಿದಿದ್ದೆ. ಆ ಪ್ಯಾಂಟಿಗೆ ಮೆತ್ತಿದ ಮಣ್ಣು ನೋಡಿ ಸುಮ್ಮನಾದೆ.

ಅವತ್ತು ನಾನು ವರ್ಷಗಟ್ಟಲೆ ಮುಟ್ಟಿದ್ದ ಗಾಡಿಯ ಚರಿತ್ರೆಯನ್ನು ಮೊದಲ ಸಲ ಕೇಳಿದೆ. ಅರವತ್ತರ ದಶಕದಲ್ಲಿ ಅಮೆರಿಕದಲ್ಲಿ ಪೆಟ್ರೋಲು ನೀರಿನಂತೆ ಅಗ್ಗವಾಗಿತ್ತಂತೆ. ಹರೆಯದವರ ಸಂಖ್ಯೆ ದೊಡ್ಡದಿತ್ತು. ಅವರಿಗೆ ಅಪ್ಪಂದಿರ ಹಡಗಿನಂಥ ಕಾರು ಬೇಡವಾಗಿತ್ತು. ಸಣ್ಣ ಮೈಗೆ ದೊಡ್ಡ ಎಂಜಿನ್ನು ತುಂಬಿ, ಸಾಮಾನ್ಯ ಸಂಬಳದವನೂ ಕೊಳ್ಳುವ ಬೆಲೆಗೆ ಕಂಪನಿಗಳು ಮಾರಿದವು. ಒಂದನ್ನು ನೋಡಿ ಇನ್ನೊಂದು, ವರ್ಷ ವರ್ಷಕ್ಕೂ ಬಲ ಏರಿಸುತ್ತಾ ಹೋದವು. ಎಪ್ಪತ್ತರ ದಶಕದಲ್ಲಿ ಪೆಟ್ರೋಲಿನ ಅಭಾವ ಬಂತು, ಹೊಗೆಯ ಕಾಯಿದೆ ಬಂತು, ವಿಮೆಯವರು ಕಂತು ಏರಿಸಿದರು. ಹತ್ತು ವರ್ಷ ತುಂಬುವ ಮೊದಲೇ ಆ ಆಟ ಮುಗಿಯಿತು. ಆಗ ಆ ಕಾರುಗಳನ್ನು ಬೀದಿಯಲ್ಲಿ ನೋಡಿ ಬಾಯಿ ಬಿಟ್ಟಿದ್ದ ಹುಡುಗರೇ ಈಗ ತಲೆ ನರೆತ ಮೇಲೆ ಎಷ್ಟಾದರೂ ಕೊಟ್ಟು ಕೊಳ್ಳುತ್ತಿದ್ದಾರೆ ಎಂದರು ಪ್ರಭಾಕರ್. ತಾವೂ ಚಿಕ್ಕಂದಿನಲ್ಲಿ ಮದ್ರಾಸಿನ ರಸ್ತೆಯಲ್ಲಿ ಅಂಥದ್ದೊಂದು ಕಾರು ಹಾದುಹೋದದ್ದನ್ನು ನೋಡಿದ್ದೇ ಈ ಹುಚ್ಚಿಗೆ ಮೂಲ ಎಂದು ನಾಚಿಕೊಂಡೇ ಹೇಳಿದರು.

ಆಮೇಲೆ ಬಾನೆಟ್ ಎತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಹೊಗಳಿಕೆಗೆ ಕಾಯುವ ಹಳೆಯ ಚಾಳಿ. ಅವರು ಬಾನೆಟ್ಟನ್ನು ನಿಧಾನವಾಗಿ ಇಳಿಸಿ, ಮೂಲದ ಎಂಜಿನ್ ಎಲ್ಲಿದೆ ಎಂದು ಕೇಳಿದರು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಆ ಕಾಲದ ಈ ಕಾರುಗಳಲ್ಲಿ ಚಾಸಿಯ ನಂಬರಿನ ಕೊನೆಯ ಭಾಗವನ್ನೇ ಎಂಜಿನ್ನಿನ ಮೇಲೂ ಕಾರ್ಖಾನೆಯಲ್ಲಿ ಹೊಡೆದಿರುತ್ತಾರೆ. ಎರಡೂ ತಾಳೆಯಾದರೆ ಆ ಕಾರು ಅಸಲಿ ಕಾರೇ. ತಾಳೆಯಾಗದಿದ್ದರೆ ಅದು ಬಿಡಿಭಾಗಗಳ ಗುಂಪು. ನಮ್ಮ ದೇಶದಲ್ಲಿ ಉಳಿದಿರುವ ಇಂಥ ಕೆಲವೇ ಕಾರುಗಳಲ್ಲಿ ಬಹುಪಾಲಿನ ಹೊಟ್ಟೆಯಲ್ಲಿ ಹೀಗೆ ಡೀಸೆಲ್ ಕೂತಿದೆ. ಅವರ ಹತ್ತಿರ ಇದೇ ಜಾತಿಯ ಇನ್ನೊಂದು ಕಾರಿತ್ತು. ಅದಕ್ಕೆ ತನ್ನದೇ ಎಂಜಿನ್ನಿತ್ತು, ಆದರೆ ಸಮುದ್ರದ ಗಾಳಿಗೆ ಮೈಯೆಲ್ಲ ತುಕ್ಕು ಹಿಡಿದು ಉದುರಿತ್ತು. ನಮ್ಮ ಒಣ ಸೀಮೆಯಲ್ಲಿ ಈ ಕಾರಿನ ಮೈ ಗಟ್ಟಿಯಾಗಿ ಉಳಿದಿತ್ತು.

"ಅಮ್ಮ, ಇದರ ಸ್ವಂತ ಎಂಜಿನ್ ನಂಬರ್ ಸಮೇತ ಸಿಕ್ಕರೆ ಇದನ್ನೇ ಪೂರ್ತಿ ಮೊದಲಿನ ಹಾಗೆ ಮಾಡಿಸ್ತೀನಿ. ಸಿಗದಿದ್ದರೆ ಇದರ ಬಾಗಿಲು, ಬಾನೆಟ್ಟು ಬಿಚ್ಚಿ ಆ ಕಾರಿಗೆ ಹಾಕ್ಬೇಕಾಗುತ್ತೆ. ಎರಡರಲ್ಲಿ ಒಂದೇ ಉಳಿಯೋದು" ಎಂದರು.

ಗಿರಿಜಮ್ಮ ಕಾರಿನ ಬಾಗಿಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ದುಡ್ಡಿನ ಮಾತು ತನಗೆ ಬೇಡ, ಈ ಕಾರು ಇಡಿಯಾಗಿ ರಸ್ತೆಯ ಮೇಲೆ ಓಡಬೇಕು, ಅಷ್ಟೇ ತನ್ನ ಆಸೆ ಎಂದರು. ಅದನ್ನು ಮುರಿದು ಹಂಚುವುದಾದರೆ ಯಜಮಾನರನ್ನು ಇನ್ನೊಂದು ಸಲ ಮಣ್ಣು ಮಾಡಿದಂತೆ ಆಗುತ್ತದೆ ಎಂದೂ ಹೇಳಿದರು. ಪ್ರಭಾಕರ್ ಒಂದು ತಿಂಗಳು ಕಾಯಲು ಒಪ್ಪಿದರು. ಇಬ್ಬರೂ ನನ್ನ ಮುಖ ನೋಡಿದರು.

ಆ ಎಂಜಿನ್ನಿನ ನಂಬರನ್ನು ನಾನು ಕೆತ್ತಿದ್ದೆನೋ ಇಲ್ಲವೋ ನನಗೆ ನೆನಪಿರಲಿಲ್ಲ. ಎಷ್ಟು ಎಂಜಿನ್ನುಗಳಿಗೆ ಉಳಿ ಹಿಡಿದಿದ್ದೇನೆ, ಯಾವುದೆಂದು ನೆನೆಯಲಿ? ಅವತ್ತು ಸಂತೆ, ಗುಜರಿಯವನಿಗೆ ಅವಸರ. ಅಂಬಾಸಿಡರಿನ ನಂಬರು ಎಲ್ಲಿರುತ್ತದೆಂದು ನನ್ನ ಕೈಗೆ ಗೊತ್ತು. ಈ ಪರದೇಶಿ ಎಂಜಿನ್ನಿನಲ್ಲಿ ಅದು ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕೂಡುವ ಅಂಚಿನಲ್ಲಿ ಇರುತ್ತದೆ ಎಂದು ಪ್ರಭಾಕರ್ ಹೇಳಿದ್ದರು. ಅಲ್ಲಿ ಬೆರಳು ದಪ್ಪ ಗ್ರೀಸು ಕೂತಿರುತ್ತದೆ. ನನ್ನ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಇಡೀ ಜೀವಮಾನದಲ್ಲಿ ಆ ಒಂದು ಸಲವಾದರೂ ನಾನು ಕೆಲಸಗಳ್ಳತನ ಮಾಡಿರಲಿ ಎಂದು ದೇವರನ್ನು ಬೇಡಿಕೊಂಡೆ.

ಹುಡುಕಲು ಹೊರಟೆ. ಹರಪನಹಳ್ಳಿಯ ಗುಜರಿಯವನಿಗೆ ಈಗ ಕಣ್ಣು ಮಂಜಾಗಿತ್ತು, ನೆನಪು ಚುರುಕಾಗಿತ್ತು. ಎಂಟು ಸಿಲಿಂಡರು ಎಂದ ಕೂಡಲೇ, ಅದನ್ನು ಒಡೆಯಲು ಮನಸ್ಸಾಗಲಿಲ್ಲ, ಮಾಗಳದ ಹನುಮಂತಪ್ಪ ಎಂಬ ರೈತ ಹೊಳೆಯಿಂದ ನೀರೆತ್ತಲು ಒಯ್ದ ಎಂದ. ನಾನು ಅವತ್ತೇ ಬಸ್ಸು ಹತ್ತಿ ಹಡಗಲಿಗೆ ಹೋಗಿ, ಅಲ್ಲಿಂದ ಮಾಗಳಕ್ಕೆ ಹೋದೆ. ಹನುಮಂತಪ್ಪನ ಹೊಲ ತುಂಗಭದ್ರೆಯ ದಂಡೆಗೇ ಇತ್ತು. ಅವನು ಆ ಎಂಜಿನ್ನಿಗೆ ಸೀಮೆಎಣ್ಣೆ ಕುಡಿಸಿ ಎರಡು ಬೆಳೆಗೆ ನೀರು ಹಾಯಿಸಿದ್ದನಂತೆ. ಕರೆಂಟಿನ ಮೋಟರು ಬಂದ ಮೇಲೆ ತೆಗೆದಿಟ್ಟಿದ್ದ. ದುಡಿದ ಯಂತ್ರವನ್ನು ಬಿಸಿಲು ಮಳೆಗೆ ಬಿಡಬಾರದೆಂದು ಶೆಡ್ಡಿನೊಳಗೆ ಹಲಗೆಯ ಮೇಲೆ ಕೂರಿಸಿ, ಎಣ್ಣೆ ಬಳಿದು, ಗೋಣಿಚೀಲ ಸುತ್ತಿದ್ದ.

ಚೀಲ ಬಿಚ್ಚಿದಾಗ ನನಗೆ ಅಳು ಬಂತು. ಒಂದು ಬೋಲ್ಟು ಕಮ್ಮಿಯಿರಲಿಲ್ಲ. ಸೆಲ್ಫ್ ಸ್ಟಾರ್ಟರ್ ಇತ್ತು, ಕಾರ್ಬೊರೇಟರ್ ಇತ್ತು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಹಿಂದಿನ ಅಂಚಿನ ಗ್ರೀಸನ್ನು ಒರೆಸಿದೆ. ಮೊದಲು ಬೆರಳಿಗೇ ತಿಳಿಯಿತು. ಅಲ್ಲಿ ಲೋಹ ನುಣ್ಣಗಿತ್ತು. ಒರೆಸಿ ನೋಡಿದರೆ ಅಡ್ಡಡ್ಡ ನಾಲ್ಕು ಉಳಿಯ ಗೆರೆ, ಅದರ ಮೇಲೆ ಅರ ಹಾಕಿ ತೀಡಿದ ಗುರುತು, ಅಂಚುಗಳನ್ನು ಕೈಗೆ ತಾಗದಂತೆ ಮೃದು ಮಾಡಿದ್ದು. ಹಾಗೆ ಅಂಚು ಮೃದು ಮಾಡುವವನು ಬೇರೆ ಯಾವ ಮಿಸ್ತ್ರಿಯೂ ಅಲ್ಲ, ನಾನೇ. ಎಷ್ಟು ಗ್ರೀಸಿದ್ದರೂ, ಎಷ್ಟೇ ಅವಸರವಿದ್ದರೂ ಬಾಷಾ ಮಿಸ್ತ್ರಿ ಹುಡುಕಿ ಹುಡುಕಿ ಕೆತ್ತಿದ್ದ. ಒಂದು ಅಂಕಿಯ ಬಾಲವೂ ಉಳಿದಿರಲಿಲ್ಲ.

ಹನುಮಂತಪ್ಪ ನೀರು ತಂದುಕೊಟ್ಟ. ಏನಾತ್ರಿ ಎಂದು ಕೇಳಿದ. ಕೆಲಸ ಭಾಳ ಚಂದ ಆಗೈತಪ್ಪಾ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಒಂದು ಕೆಟ್ಟ ಬುದ್ಧಿ ಹೊಳೆಯಿತು. ನನ್ನ ಪೆಟ್ಟಿಗೆಯಲ್ಲಿ ಅಂಕಿ ಹೊಡೆಯುವ ಪಂಚುಗಳ ಸೆಟ್ಟು ಇತ್ತು. ಚಾಸಿಯ ನಂಬರು ಕಣ್ಣೆದುರಿಗೇ ಇದೆ. ಗ್ಯಾರೇಜಿಗೆ ಬಂದವನೇ ಒಂದು ಹಳೆಯ ಎರಕದ ತುಂಡಿನ ಮೇಲೆ ಹೊಡೆದು, ಆಸಿಡ್ ಸವರಿ, ಮಸಿ ತಿಕ್ಕಿ ನೋಡಿದೆ. ಮೂವತ್ತೈದು ನಲವತ್ತು ವರ್ಷ ಹಳೆಯದೆಂದೇ ಕಂಡಿತು. ಪ್ರಭಾಕರ್ ಎಷ್ಟು ತಿಳಿದವರಾದರೂ ನನ್ನ ಕೈಚಳಕ ಅವರಿಗೆ ಸಿಗುತ್ತಿರಲಿಲ್ಲ ಎಂದೇ ಇವತ್ತಿಗೂ ನಂಬಿದ್ದೇನೆ. ಆ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಗಿರಿಜಮ್ಮನ ಮನೆಗೆ ಹೋದೆ. ಎಂಜಿನ್ನು ಸಿಕ್ಕಿದ್ದು, ನಂಬರನ್ನು ನಾನೇ ಕೆತ್ತಿದ್ದು, ಮತ್ತೆ ನಾನೇ ಹೊಡೆಯಬಲ್ಲೆ ಎಂಬುದು, ಎಲ್ಲ ಹೇಳಿದೆ. ಕಾರು ಉಳಿಯುತ್ತದೆ ಅಮ್ಮಾರ, ನೀವು ಹೂಂ ಅಂದರೆ ಸಾಕು ಎಂದೆ.

ಅವರು ಆ ತುಂಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದರು.

"ಬ್ಯಾಡ ಬಾಷಾ. ಅದನ್ನ ಉಳಸಾಕ ಅದಕ್ಕ ಸುಳ್ಳು ಹೇಳ್ಸೂದು ಬ್ಯಾಡ" ಎಂದು ವಾಪಸ್ ಕೊಟ್ಟರು.

ನಾನು ತಲೆ ತಗ್ಗಿಸಿದೆ. ಪ್ರಭಾಕರ್ ಅವರಿಗೆ ಫೋನಿನಲ್ಲಿ ನಿಜ ಹೇಳಿದೆ. ಬೈದಿದ್ದರೆ ಹಗುರವಾಗುತ್ತಿತ್ತು. ನಿಮ್ಮದೇನೂ ತಪ್ಪಿಲ್ಲ, ದೇಶದ ತುಂಬಾ ಹೀಗೇ ಆಗಿದೆ ಎಂದರು. ಶೆಡ್ಡಿನಲ್ಲಿ ಕೊಳೆಯುವುದಕ್ಕಿಂತ ಅರ್ಧವಾದರೂ ರಸ್ತೆಯ ಮೇಲೆ ಓಡಲಿ ಎಂದು ಗಿರಿಜಮ್ಮ ಒಪ್ಪಿಕೊಂಡರು. ಮುಂದಿನ ಭಾನುವಾರ ಬಂದು ಬಿಚ್ಚಿಸಿಕೊಂಡು ಹೋಗುವುದೆಂದು ಆಯಿತು. ಬಿಚ್ಚುವುದಾದರೆ ಬೇರೆಯವರ ಕೈ ಬೇಡ, ನೀನೇ ಬಿಚ್ಚು ಎಂದರು ಗಿರಿಜಮ್ಮ. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿಕೊಡುತ್ತೀಯಾ, ಆ ಎಂಜಿನ್ನು ಒಂದು ಸಲ ಚಾಲೂ ಆಗುತ್ತದೆಯೇ ಎಂದು ಕೇಳಿದರು.

ನಾಲ್ಕು ದಿನ ಮಾಗಳದಲ್ಲೇ ಉಳಿದೆ. ಪ್ಲಗ್ಗು ಬಿಚ್ಚಿ ಎಂಟೂ ಸಿಲಿಂಡರಿಗೆ ಎಣ್ಣೆ ಬಿಟ್ಟು ನೆನೆಹಾಕಿದೆ. ಉದ್ದನೆಯ ಪಾನಾ ಹಾಕಿ ಕೈಯಿಂದಲೇ ಇಷ್ಟಿಷ್ಟೇ ತಿರುಗಿಸಿದೆ. ಕಾರ್ಬೊರೇಟರ್ ತೊಳೆದೆ, ಕಿಡಿ ಕೊಡುವ ಪಾಯಿಂಟು ಉಜ್ಜಿದೆ, ಟ್ರ್ಯಾಕ್ಟರಿನ ಬ್ಯಾಟರಿ ಜೋಡಿಸಿದೆ. ಹನುಮಂತಪ್ಪ ಹಿಂದೆ ಬಳಸುತ್ತಿದ್ದ ನೀರಿನ ಡ್ರಮ್ಮನ್ನು ತಂಪಿಗೆಂದು ಮತ್ತೆ ಕೂಡಿಸಿಕೊಟ್ಟ. ಎರಡು ಲೀಟರಿನ ಡಬ್ಬಿಯಲ್ಲಿ ಪೆಟ್ರೋಲು ತುಂಬಿ ತೊಲೆಗೆ ತೂಗುಹಾಕಿ ಪೈಪು ಬಿಟ್ಟೆ. ಶನಿವಾರ ಬೆಳಿಗ್ಗೆ ಗಿರಿಜಮ್ಮ ಬಾಡಿಗೆ ಗಾಡಿಯಲ್ಲಿ ಬಂದರು. ಹನುಮಂತಪ್ಪ ಅವರಿಗೆ ಹೊರಸು ಹಾಕಿಕೊಟ್ಟ. ಅವರು ಕೂರಲಿಲ್ಲ.

ಮೂರು ಸಲ ಸೆಲ್ಫ್ ಹೊಡೆದೆ. ಕೆಮ್ಮಿತು, ನಿಂತಿತು. ನಾಲ್ಕನೆಯ ಸಲಕ್ಕೆ ಹಿಡಿಯಿತು. ಸೈಲೆನ್ಸರ್ ಇರಲಿಲ್ಲವಾದ್ದರಿಂದ ಶೆಡ್ಡಿನ ತಗಡೆಲ್ಲ ನಡುಗಿತು. ಹೊರಗೆ ಎಮ್ಮೆ ಹಗ್ಗ ಜಗ್ಗಿತು. ನಾನು ಬಗ್ಗಿ ತಿರುಪು ತಿರುಗಿಸಿ ಸದ್ದನ್ನು ಇಳಿಸುತ್ತಾ ಬಂದೆ. ಎಂಟರಲ್ಲಿ ಒಂದು ಸಿಲಿಂಡರು ತಪ್ಪುತ್ತಿರುವುದು ನನ್ನ ಕಿವಿಗೆ ಬಿತ್ತು, ಅದನ್ನು ಸರಿಮಾಡಲು ಕೈ ಹೋಯಿತು. ಅಷ್ಟರಲ್ಲಿ ಗಿರಿಜಮ್ಮ ಹತ್ತಿರ ಬಂದು ನಿಂತರು. ಮುಖದಲ್ಲಿ ಕಣ್ಣೀರಿರಲಿಲ್ಲ, ಸಂತೋಷವೂ ಇರಲಿಲ್ಲ. ಬಹಳ ದಿನದಿಂದ ತಡೆದಿಟ್ಟದ್ದನ್ನು ಹೇಳುವವರ ಮುಖವಾಗಿತ್ತು.

"ಇದು ಬಸ್‌ಸ್ಟ್ಯಾಂಡ್ ಹತ್ರ ತಿರುಗ್ತಿದ್ದಂಗ ನನಗ ಒಳಗ ಕೇಳ್ತಿತ್ತು. ಅವರು ಬಂದ್ರು ಅಂತ ಒಲಿ ಮ್ಯಾಲ ರೊಟ್ಟಿ ಹಂಚು ಇಡ್ತಿದ್ದೆ. ನೀ ಡೀಸೆಲ್ ಹಾಕಿದ ಮ್ಯಾಲ ಅವರು ಬಂದದ್ದು ನನಗ ಗೊತ್ತ ಆಗ್ತಿದ್ದಿಲ್ಲ ಬಾಷಾ. ಬೀದ್ಯಾಗ ಹೋಗೂ ಟೆಂಪೊ ಎಲ್ಲಾ ಹಂಗ ಸದ್ದು ಮಾಡ್ತಿದ್ವು."

ನಾನು ಪಾನಾ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದೆ.

"ಅವರು ತೀರಿದ ದಿನಾನೂ ಅಂಗಳದಾಗ ಎಂಜಿನ್ನು ಭಾಳೊತ್ತು ನಡದಿತ್ತು. ನಾ ಒಳಗ ಅಕ್ಕಿ ಆರಸ್ಕೊಂತ ಕುಂತಿದ್ದೆ. ಯಾವ್ದೋ ಟೆಂಪೊ ನಿಂತೈತಿ ಅಂದ್ಕೊಂಡೆ. ಆಮ್ಯಾಗ ಹೊರಗ ಬಂದು ನೋಡಿದ್ರ ಅವರು ಕುಂತಾರ, ಕೈ ಹಾರನ್ ಹತ್ರ ಹೋಗಿ ನಿಂತೈತಿ."

ಅವರ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲವೆಂದು ನಾನು ಕೇಳಲಿಲ್ಲ. ಎರಡೂವರೆ ತಿಂಗಳು ಕಷ್ಟಪಟ್ಟು, ಅವರ ಮನೆಯಲ್ಲಿ ಹೊಗಳಿಸಿಕೊಂಡು ಉಂಡವನಿಗೆ ಅವರು ಹೇಗೆ ಹೇಳಿಯಾರು? ಸಾವ್ಕಾರ್ರು ಸದ್ದಿನ ಮಾತು ಕೇಳಿದಾಗ ಯಾಕೆ ಕೇಳುತ್ತಿದ್ದೀರಿ ಎಂದು ನಾನು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಸದ್ದು ಯಾರಿಗೆ ಬೇಕಾಗಿತ್ತು ಎಂದು ಅವರು ಹೇಳುತ್ತಿದ್ದರು. ನಾನು ಕೇಳಲಿಲ್ಲ. ಈ ಕೆಲಸಕ್ಕೆ ಬರುವ ಹುಡುಗರೇ, ನನ್ನ ಮೂವತ್ತು ಚಿಲ್ಲರೆ ವರ್ಷಗಳ ಅನುಭವದಲ್ಲಿ ನಿಮಗೆ ಕೊಡುವುದಕ್ಕೆ ಇದೊಂದೇ ಇದೆ.

ನನ್ನ ಕೈ ತಾನಾಗಿಯೇ ಬ್ಯಾಟರಿಯ ವೈರಿನ ಕಡೆ ಹೋಯಿತು. ಆ ಸದ್ದನ್ನು ಇನ್ನು ಕೇಳಲಾರೆ ಅನ್ನಿಸಿತ್ತು.

"ಆರಸಬ್ಯಾಡ" ಎಂದರು ಗಿರಿಜಮ್ಮ. "ಇನ್ನೊಂದೀಟು ಹೊತ್ತು ಇರ್ಲಿ."

ತೊಲೆಗೆ ತೂಗಿದ್ದ ಡಬ್ಬಿಯ ಪೆಟ್ರೋಲು ಮುಗಿಯುವವರೆಗೆ ನಾವಿಬ್ಬರೂ ನಿಂತೇ ಇದ್ದೆವು.